ದೆಹಲಿ–ಬೆಂಗಳೂರು ವಿಮಾನಯಾನ: ದೂರ ಮತ್ತು ಕಾಲ



ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರೊಬ್ಬರಿಗೆ ಮೈಸೂರಿನಿಂದ ದೂರವಾಣಿ ಕರೆ ಬರುತ್ತದೆ ಎಂದು ಭಾವಿಸೋಣ. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ತಾಯಿಯವರಿಗೆ ಶಸ್ತ್ರಚಿಕಿತ್ಸೆ. ಬೆಳಗಿನ ಒಂಬತ್ತು ಗಂಟೆಯ ವಿಮಾನ ಹಿಡಿದರೆ ಹನ್ನೆರಡರೊಳಗೆ ಬೆಂಗಳೂರು, ಎರಡಕ್ಕೆ ಮೈಸೂರು ಎಂದು ಅವರು ಲೆಕ್ಕ ಹಾಕುತ್ತಾರೆ. ಈ ಲೆಕ್ಕ ತಪ್ಪುವುದು ಎಲ್ಲಿ ಎಂಬುದನ್ನು ಅರಿಯುವುದು ಅವಶ್ಯ.

ಮೊದಲನೆಯದು ದೂರ. ಭೋಪಾಲ, ಮನಮಾಡ, ಸೋಲಾಪುರ, ವಾಡಿಗಳ ಮಾರ್ಗವಾಗಿ ಸಾಗುವ ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿಯಿಂದ ಬೆಂಗಳೂರಿಗೆ ಸುಮಾರು 2,400 ಕಿ.ಮೀ. ಕ್ರಮಿಸುತ್ತದೆ, ಅದಕ್ಕೆ ಒಂದೂವರೆ ದಿನಕ್ಕೂ ಮಿಗಿಲಾದ ಕಾಲ ಹಿಡಿಯುತ್ತದೆ. ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರವಾದರೋ ಸುಮಾರು 1,700 ಕಿ.ಮೀ. ಮಾತ್ರ.

ಎರಡನೆಯದು ಕಾಲ. ಜೆಟ್ ವಿಮಾನದ ವೇಗ ಮೇಲ್ಮಟ್ಟದಲ್ಲಿ ಗಂಟೆಗೆ 800ರಿಂದ 850 ಕಿ.ಮೀ. ಭಾಗಿಸಿ ನೋಡಿದರೆ ಪ್ರಯಾಣ ಎರಡು ಗಂಟೆಗೆ ತುಸು ಹೆಚ್ಚು. ಆದರೆ ಟಿಕೆಟಿನಲ್ಲಿ ಸುಮಾರು ಎರಡೂಮುಕ್ಕಾಲು ಗಂಟೆ ಎಂದಿರುತ್ತದೆ. ವಿಮಾನವು ಇಲ್ಲಿನ ತಂಗುಸ್ಥಳವನ್ನು ಬಿಟ್ಟ ಕ್ಷಣದಿಂದ ಅಲ್ಲಿನ ತಂಗುಸ್ಥಳದಲ್ಲಿ ನಿಂತ ಕ್ಷಣದವರೆಗಿನ ಅವಧಿ ಇದು. ಓಡುಹಾದಿಗಾಗಿ ಸರದಿ ಕಾಯುವುದು, ಕಡಿಮೆ ವೇಗದಲ್ಲಿ ಏರುವುದು ಮತ್ತು ಇಳಿಯುವುದು ಎಲ್ಲವೂ ಇದರಲ್ಲಿ ಅಡಕವಾಗಿವೆ.

ಟಿಕೆಟಿನಲ್ಲಿ ಕಾಣದ ಕಾಲ ಇನ್ನೂ ಹೆಚ್ಚಿನದು. ಭದ್ರತಾ ತಪಾಸಣೆಯ ನಿಮಿತ್ತ ಎರಡು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ಅದಕ್ಕಾಗಿ ಆರು ಗಂಟೆಗೇ ಮನೆ ಬಿಡಬೇಕು. 2008ರಿಂದ ಬೆಂಗಳೂರಿನ ನಿಲ್ದಾಣವು ದೇವನಹಳ್ಳಿಯ ಬಳಿ, ನಗರದಿಂದ ಸುಮಾರು 35 ಕಿ.ಮೀ. ಉತ್ತರದಲ್ಲಿದೆ. ಮೈಸೂರು ಇರುವುದು ನೈಋತ್ಯಕ್ಕೆ. ಸಾಮಾನು ಪಡೆದು ಹೊರಬಂದ ಮೇಲೆ ಮಹಾನಗರವನ್ನು ದಾಟಿ ಮೈಸೂರು ಸೇರಲು ಸುಮಾರು ನಾಲ್ಕು ಗಂಟೆ ಬೇಕು. ಹೀಗೆ ಮಗ ಆಸ್ಪತ್ರೆ ತಲುಪುವಾಗ ಸಂಜೆ ನಾಲ್ಕು ದಾಟಿರುತ್ತದೆ.

ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ದೆಹಲಿಯ ದಟ್ಟ ಮಂಜಿನಿಂದ ಬೆಳಗಿನ ವಿಮಾನಗಳು ವಿಳಂಬವಾಗುವುದೂ ಉಂಟು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2010ರಲ್ಲಿ ಹೊರಡಿಸಿದ ನಿಯಮಗಳ ಮೇರೆಗೆ, ಎರಡೂವರೆಯಿಂದ ಐದು ಗಂಟೆ ಅವಧಿಯ ಯಾನವು ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ತಡವಾಗುವುದಾದರೆ, ಸಕಾಲಕ್ಕೆ ಹಾಜರಾದ ಪ್ರಯಾಣಿಕರಿಗೆ ಊಟೋಪಹಾರ ಒದಗಿಸುವುದು ವಿಮಾನ ಸಂಸ್ಥೆಯ ಹೊಣೆ. ಪ್ರಯಾಣಿಕರು ಇದನ್ನು ಕೇಳಿ ಪಡೆಯಲು ಹಿಂಜರಿಯಬೇಕಾಗಿಲ್ಲ. ಆದರೆ ಕಳೆದುಹೋದ ಕಾಲವನ್ನು ಯಾವ ನಿಯಮವೂ ಮರಳಿ ಕೊಡಲಾರದು.

ಆದ್ದರಿಂದ ತುರ್ತು ಸಂದರ್ಭದಲ್ಲಿ ಲೆಕ್ಕವನ್ನು ತಲುಪಬೇಕಾದ ಬಾಗಿಲಿನಿಂದ ಹಿಂದಕ್ಕೆ ಹಾಕುತ್ತ ಬರಬೇಕು. ಹಾಗೆ ಹಾಕಿದಾಗ ಆ ಮಗನು ಹಿಡಿಯಬೇಕಾದದ್ದು ಬೆಳಗಿನ ಒಂಬತ್ತರ ವಿಮಾನವನ್ನಲ್ಲ, ಕರೆ ಬಂದ ದಿನದ ಸಂಜೆಯ ವಿಮಾನವನ್ನು ಎಂಬುದು ಸ್ಪಷ್ಟವಾಗುತ್ತದೆ.