ಹಳ್ಳದ ಒಡ್ಡುಗಳೂ ಒಣಸೀಮೆಯ ನೆಲಜಲಗಳೂ

(ಗೊರಗುಂಟೆಪಾಳ್ಯದಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಕಾವ್ಯವ್ಯಾಕರಣಗಳನ್ನು ಓದಿಸುವವನಿಗೆ ಹಳ್ಳಕೊಳ್ಳಗಳ ಗೊಡವೆ ಏತಕ್ಕೆಂದು ಕೆಲವರಿಗೆ ತೋರಬಹುದು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸುತ್ತಿದ್ದ ಸಿದ್ಧರಾಮೇಶ್ವರರನ್ನು ಅಲ್ಲಮಪ್ರಭುದೇವರು ಒಡ್ಡರಾಮನೆಂದು ಕರೆದ ಪ್ರಸಂಗವು ಶೂನ್ಯಸಂಪಾದನೆಯನ್ನು ಕೇಳಿದವರೆಲ್ಲರಿಗೂ ತಿಳಿದದ್ದೇ. ಅದರ ತಾತ್ಪರ್ಯವು ಬೇರೆ. ಅದನ್ನು ಇಲ್ಲಿ ಬಿಡಿಸುವುದಿಲ್ಲ. ಆದರೆ ಹನ್ನೆರಡನೆಯ ಶತಮಾನದ ಆ ಶರಣರ ಕೆರೆಯು ಸೊಲ್ಲಾಪುರದಲ್ಲಿ ಇಂದಿಗೂ ಉಂಟು.

ಬೆಂಗಳೂರು ದಿಣ್ಣೆಯ ಮೇಲಣ ಊರು. ಇದರ ಒಂದು ಮಗ್ಗುಲಿನ ಮಳೆನೀರು ಪೂರ್ವಕ್ಕೆ ದಕ್ಷಿಣಪಿನಾಕಿನಿಗೂ, ಇನ್ನೊಂದು ಮಗ್ಗುಲಿನದು ಪಶ್ಚಿಮಕ್ಕೆ ಅರ್ಕಾವತಿಗೂ ಇಳಿಯುತ್ತದೆ. ಹತ್ತಿರದಲ್ಲಿ ಹೊಳೆಯಿಲ್ಲದ ಕಾರಣ ಹಿರಿಯರು ಒಂದರ ಕೋಡಿಯು ಇನ್ನೊಂದಕ್ಕೆ ಬೀಳುವಂತೆ ಕೆರೆಗಳನ್ನು ಕಟ್ಟಿದರು. ಕೆರೆಗೆ ಮೇಲೆ, ಹಳ್ಳಕ್ಕೆ ಅಡ್ಡಲಾಗಿ ಹಾಕುವ ಆಳೆತ್ತರದ ಒಡ್ಡಿನ ವಿಷಯವೇ ಇಂದಿನ ನನ್ನ ಪ್ರಸ್ತಾವ.

ಒಂದು ಎಕರೆ ಹೊಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರಾಗುತ್ತದೆ. ಅದು ಇಳಿಜಾರಿನಲ್ಲಿ ಓಡಿದರೆ ಮೇಲ್ಮಣ್ಣನ್ನೂ ಕೊಚ್ಚಿಕೊಂಡೇ ಓಡುವುದು. ಒಡ್ಡು ಆ ಓಟವನ್ನು ಮುರಿಯುತ್ತದೆ. ನೀರು ನಿಂತಲ್ಲಿ ಮಣ್ಣು ತಳಕ್ಕೆ ಕೂರುತ್ತದೆ, ಉಳಿದ ನೀರು ಮೆಲ್ಲನೆ ಇಂಗುತ್ತದೆ. ನಮ್ಮದು ಕಲ್ಲುನೆಲ, ಮೇಲಣ ಶಿಥಿಲವಾದ ಪದರದಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲಬಲ್ಲದು. ಆದಕಾರಣ ಒಡ್ಡಿನಿಂದ ಮೊದಲು ಚೇತರಿಸುವುದು ಸಮೀಪದ ತೆರೆದ ಬಾವಿ. ಸಾವಿರ ಅಡಿಯ ಕೊಳವೆಬಾವಿಯೂ ಕೂಡಲೇ ತುಂಬೀತೆಂದು ಆಶಿಸುವುದು ತಕ್ಕುದಲ್ಲ.

ತುಮಕೂರು ಸೀಮೆಯ ನನ್ನ ಹುಟ್ಟೂರಿನಲ್ಲಿ ಒಮ್ಮೆ ಚೆಂದವಾದ ಸಿಮೆಂಟಿನ ಒಡ್ಡೊಂದು ಎದ್ದಿತು. ಅದರ ರೆಕ್ಕೆಗಳನ್ನು ದಡದೊಳಗೆ ಸಾಕಷ್ಟು ಹುಗಿದಿರಲಿಲ್ಲ, ಕೋಡಿಯೂ ಕಿರಿದು. ಮೊದಲ ದೊಡ್ಡ ಮಳೆಗೆ ಹಳ್ಳವು ಒಡ್ಡನ್ನು ಮುಟ್ಟದೆ ಮಗ್ಗುಲಿನಿಂದ ಕೊರೆದು, ನಮ್ಮ ದೊಡ್ಡಪ್ಪನವರ ರಾಗಿಹೊಲದ ಮೂಲೆಯನ್ನೇ ಒಯ್ದಿತು. ಗೋಡೆ ಮಾತ್ರ ಅಲ್ಲಿಯೇ ನಿಂತಿತ್ತು! ದೊಡ್ಡಪ್ಪನವರು ಯಾರನ್ನೂ ದೂರಲಿಲ್ಲ. ಮರುವರ್ಷ ಮೇಲಿನ ಹೊಲಗಳಿಗೆ ತಾವೇ ಬದು ಹಾಕಿಸತೊಡಗಿದರು. ಕೆಲಸವು ದಿಣ್ಣೆಯಿಂದ ಕೆಳಕ್ಕೆ ಬರಬೇಕು, ಹಳ್ಳದಿಂದ ಮೇಲಕ್ಕೆ ಹೋಗಬಾರದೆಂಬುದನ್ನು ನಾನು ಕಲಿತದ್ದು ಅವರಿಂದ, ಯಾವ ಗ್ರಂಥದಿಂದಲೂ ಅಲ್ಲ. ಒಡ್ಡಿನ ಬುಡಕ್ಕೆ ಕಲ್ಲು ಹಾಸದಿದ್ದರೆ ಧುಮುಕುವ ನೀರೇ ಬುಡವನ್ನು ತೋಡುವುದೆಂಬುದನ್ನೂ ಅವರೇ ತೋರಿಸಿಕೊಟ್ಟರು.

ಇನ್ನೊಂದು ಮಾತು ಕೆಲವರಿಗೆ ರುಚಿಸಲಾರದು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ಹೆಸರಘಟ್ಟದಲ್ಲಿ 1894ರಲ್ಲಿ ಕಟ್ಟಿದ ಕೆರೆಯೂ, ತಿಪ್ಪಗೊಂಡನಹಳ್ಳಿಯಲ್ಲಿ 1933ರ ಜಲಾಶಯವೂ ಬೆಂಗಳೂರಿಗೆ ನೀರುಣಿಸಿದವು. ಆ ಹೊಳೆಯು ಬತ್ತಿದ್ದಕ್ಕೆ ಕಾರಣಗಳನ್ನು ವಿಚಾರಿಸಿದವರು ಕೊಳವೆಬಾವಿಗಳನ್ನೂ ನೀಲಗಿರಿ ತೋಪುಗಳನ್ನೂ ಹೇಳಿ, ಅವುಗಳ ಜೊತೆಗೆ ಹಳ್ಳಗಳಿಗೆ ಹಾಕಿದ ತಡೆಗಳನ್ನೂ ಎಣಿಸಿದ್ದಾರೆ. ಮೇಲಿನವನ ಒಡ್ಡು ಕೆಳಗಿನವನ ಕೆರೆಯ ಪಾಲನ್ನು ಹಿಡಿಯುವುದೂ ಉಂಟು. ಒಡ್ಡು ಹೊಸ ನೀರನ್ನು ಹುಟ್ಟಿಸುವುದಿಲ್ಲವಷ್ಟೆ. ಹರಿವ ನೀರು ಎಲ್ಲಿ ತಂಗಬೇಕೆಂಬುದನ್ನು ಮಾತ್ರ ಗೊತ್ತುಮಾಡುತ್ತದೆ. ಇಂಗಿದ ನೀರನ್ನು ಒಬ್ಬನೇ ಪಂಪು ಹಚ್ಚಿ ಎತ್ತಿಕೊಂಡರೆ ಕಟ್ಟಿದ ಊರಿಗೆ ಬಂದ ಲಾಭವೇನು?

ಹಿಂದಿನ ಅರಸರು ಕೆರೆ ಕಟ್ಟಿದವನಿಗೆ ಕಟ್ಟುಕೊಡಗೆಯೆಂದು ಭೂಮಿ ಬಿಟ್ಟರು. ಕೆರೆಯ ದುರಸ್ತಿಗೆ ಬಿತ್ತುವಟ್ಟವನ್ನು ಬಿಟ್ಟ ಶಾಸನಗಳೂ ಉಂಟು. ತೂಬನ್ನು ಎತ್ತಿ ಇಳಿಸಲು ನೀರುಗಂಟಿಯಿದ್ದನು. ಈಗ ಕಟ್ಟುವುದಕ್ಕೆ ಹಣವು ದೊರೆಯುತ್ತದೆ, ನೋಡಿಕೊಳ್ಳುವುದಕ್ಕೆ ಆಳು ದೊರೆಯುವುದಿಲ್ಲ. ಕೆಲವು ಮಳೆಗಾಲಗಳಲ್ಲಿಯೇ ಒಡ್ಡು ಹೂಳಿನಿಂದ ತುಂಬುತ್ತದೆ. ಆ ಗೋಡುಮಣ್ಣು ನಮ್ಮ ಹೊಲಗಳದೇ. ಬೇಸಗೆಯಲ್ಲಿ ಎತ್ತಿ ಹರಡಿದರೆ ಹೊಲಕ್ಕೆ ಸಾರ, ಒಡ್ಡಿಗೆ ಜಾಗ.

ಮಹೋತ್ಸವದ ನೆನಪಿಗಾಗಿ ಒಡ್ಡು ಕಟ್ಟಿಸುವೆವೆಂದು ಕೆಲವು ಗ್ರಾಮಗಳ ಭಕ್ತರು ಶ್ರೀಗಳವರಲ್ಲಿ ಬಿನ್ನವಿಸಿದ್ದೀರಿ. ಕಲ್ಲು ತರಿಸುವ ಮುನ್ನ ಕೆಳಗಿನ ಊರಿನ ಹಿರಿಯರನ್ನು ಹಳ್ಳದ ದಂಡೆಗೆ ಕರೆಯಿರಿ. ಹೂಳೆತ್ತುವ ಮನೆಗಳ ಸರದಿಯನ್ನು ಅಲ್ಲಿಯೇ ಬರೆದಿಟ್ಟು, ಅದರ ಒಂದು ಪ್ರತಿಯನ್ನು ಮಠಕ್ಕೆ ಕಳುಹಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.