ಹೊಸ್ತಿಲ ಹತ್ತಿರ ಬಾಕಿ ಉಳಿದ ಲೆಕ್ಕ

ಇಂದು ಪ್ರಮಾಣಪತ್ರ ಪಡೆದ ಮಕ್ಕಳಿಗೂ, ವಾರಾಂತ್ಯದ ನಿದ್ದೆ ಬಿಟ್ಟು ಅವರನ್ನು ಕರೆತಂದ ಅಪ್ಪ-ಅಮ್ಮಂದಿರಿಗೂ, ಕಲಿಸಿದ ಶಿಕ್ಷಕರಿಗೂ ಅಭಿನಂದನೆಗಳು.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುವವನು. ಇಲ್ಲಿ ಊಟದ ಸಾಲಿನಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: "ವಿಆರ್ ಹೆಡ್‌ಸೆಟ್ ಕೊಡಿಸಿದ್ರೆ ಮಕ್ಕಳಿಗೆ ಕೋಡಿಂಗ್ ಬೇಗ ಬರುತ್ತಾ ಸರ್?"

ರಿಕರ್ಷನ್ ಎಂಬ ಪಾಠವನ್ನೇ ತೆಗೆದುಕೊಳ್ಳಿ. ಐಟಿಯವರಿಗೆ ಗೊತ್ತಿರುವುದೇ, ಉಳಿದವರಿಗಾಗಿ ಹೇಳುತ್ತೇನೆ. 4ರ ಫ್ಯಾಕ್ಟೋರಿಯಲ್ ಬೇಕಾದರೆ ಮೊದಲು 3ರದ್ದು ಬೇಕು, ಅದಕ್ಕೆ 2ರದ್ದು, ಅದಕ್ಕೆ 1ರದ್ದು. ಒಳಗೆ ಹೋಗುವುದು ವಿದ್ಯಾರ್ಥಿಗಳಿಗೆ ತಿಳಿಯುತ್ತದೆ. ಹೊರಗೆ ಬರುವಾಗಲೇ ತಡವರಿಸುತ್ತಾರೆ. ಹೆಡ್‌ಸೆಟ್‌ನಲ್ಲಿ ಇವು ನಾಲ್ಕು ಕೋಣೆಗಳು, ಒಂದರೊಳಗಿಂದ ಇನ್ನೊಂದಕ್ಕೆ ಬಾಗಿಲು. ಕೊನೆಯ ಕೋಣೆಯಲ್ಲಿ 1 ಸಿಗುತ್ತದೆ. ಅದನ್ನು ಹಿಡಿದು ಬಂದ ದಾರಿಯಲ್ಲೇ ಹಿಂತಿರುಗಬೇಕು: 2, 6, 24. ಆ ಕೊನೆಯ ಕೋಣೆ ಕಟ್ಟಲು ಮರೆತರೆ ಬಾಗಿಲ ಹಿಂದೆ ಬಾಗಿಲು, ಮುಗಿಯುವುದೇ ಇಲ್ಲ!

ಆದರೆ ಸುಮ್ಮನೆ ನಡೆದು ಬಂದವರಿಗೆ ಆಟದ ಖುಷಿಯಷ್ಟೇ ಉಳಿಯುತ್ತದೆ. ಕಂಡದ್ದನ್ನು ಕಾಣದವರಿಗೆ ವಿವರಿಸಿದವರಿಗೆ ಪಾಠ ದಕ್ಕುತ್ತದೆ. ನಮ್ಮ ಮಕ್ಕಳ ಕನ್ನಡಕ್ಕೆ ಇಂಥ ಕೆಲಸವೇ ಸಿಗುತ್ತಿಲ್ಲ. ಮನೆಯಲ್ಲಿ "ಊಟ ಆಯ್ತಾ, ಹೋಂವರ್ಕ್ ಆಯ್ತಾ" ದಾಟುವುದಿಲ್ಲ; ಯೋಚನೆ ಎಂದರೆ ಇಂಗ್ಲಿಷ್.

ಈ ವರ್ಷ ದೊಡ್ಡ ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗಿಗೆ ಹೆಡ್‌ಸೆಟ್ ಹಾಕಿದೆವು. ಅವಳು ಕನ್ನಡದಲ್ಲಿ ಹೇಳಬೇಕು, ಉಳಿದವರು ಬೋರ್ಡಿನಲ್ಲಿ ಬಿಡಿಸಬೇಕು. "ಬಾಗಿಲ ಕೆಳಗೆ ದಾಟ್ತೀವಲ್ಲ, ಅದಕ್ಕೇನಂತಾರೆ?" ಎಂದಳು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು "ಹೊಸ್ತಿಲು ಕಣಮ್ಮ" ಎಂದರು. ಸ್ವಲ್ಪ ಹೊತ್ತಿಗೆ ಅವಳೇ, "ಪ್ರತಿ ಹೊಸ್ತಿಲ ಹತ್ರಾನೂ ಒಂದೊಂದು ಗುಣಾಕಾರ ಬಾಕಿ ಇದೆ. ವಾಪಸ್ ಬರ್ತಾ ಮುಗಿಸ್ತೀನಿ" ಎಂದಳು. ಕಾಲೇಜಿನಲ್ಲಿ ಸ್ಟ್ಯಾಕ್ ಎಂದು ನಾನು ಗಂಟೆಗಟ್ಟಲೆ ಕೊರೆಯುವುದು ಇದನ್ನೇ.

ಹಾಗೆಂದು ಇವತ್ತೇ ಅಂಗಡಿಗೆ ಓಡಬೇಡಿ. ಮೆಟಾ ಕಂಪನಿ 2023ರಲ್ಲಿ ಕ್ವೆಸ್ಟ್ ಬಳಸುವ ಕನಿಷ್ಠ ವಯಸ್ಸನ್ನು 13ರಿಂದ 10ಕ್ಕೆ ಇಳಿಸಿದೆ, ಅದೂ ಪೋಷಕರ ನಿಗಾದಲ್ಲಿ. ನನ್ನನ್ನು ಕೇಳಿದರೆ 13ರವರೆಗೆ ಕಾಯುವುದೇ ಸರಿ. ಚಿಕ್ಕವರಿಗೆ ಡ್ರೈವ್‌ವೇ ಮೇಲೆ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಹಾಗೆ ನಾಲ್ಕು ಮನೆ ಬರೆದುಕೊಡಿ, ಹೋಗಿ ಬರಲಿ, ಬಾಯಲ್ಲಿ ಲೆಕ್ಕ ಹೇಳಲಿ.

ಮುಂದಿನ ವರ್ಷದ ತರಗತಿಗೆ ಒಂದೇ ಹೆಡ್‌ಸೆಟ್ ಸಾಕು, ನನ್ನದನ್ನೇ ತರುತ್ತೇನೆ. ಹಿಂದಿನ ಸಾಲಿನಲ್ಲಿ ಕೂರಲು ಅಜ್ಜಿ-ತಾತಂದಿರನ್ನು ನೀವು ಕರೆತನ್ನಿ.