ಕಾರ್ಖಾನೆ ಗೇಟಿನ ಎದುರಿನ ಉಡುಪಿ ಹೋಟೆಲು

ಐರೋಲಿ, ಘನ್ಸೋಲಿ ಕಡೆ ನಾವು ದಿನಾ ಹತ್ತಿ ಇಳಿಯೋ ಗಾಜಿನ ಕಟ್ಟಡಗಳಿಗಿಂತ ಮೊದಲು ಥಾಣೆ-ಬೇಲಾಪುರ ರಸ್ತೆಯಲ್ಲಿ ಇದ್ದದ್ದು ಕಾರ್ಖಾನೆಗಳು. 1962ರಲ್ಲಿ ಎಂಐಡಿಸಿ ಶುರುವಾದ ಮೇಲೆ ಥಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿ ಎಲ್ಲ ಕಡೆ ಸೈರನ್ ಕೂಗಿತು. ಗೇಟಿನ ಎದುರಿಗೆ ನಮ್ಮ ಕರಾವಳಿಯವರ ಉಡುಪಿ ಹೋಟೆಲು.

ಶಿಫ್ಟ್ ಬಿಟ್ಟವರಿಗೆ ಇಡ್ಲಿ, ಚಾ; ಲೆಕ್ಕ ಪಗಾರದ ದಿನ. ಊರಿಂದ ಬಂದ ಹುಡುಗರಿಗೆ ಅದೇ ಮನೆ. ಹಗಲು ಟೇಬಲ್ ಒರೆಸೋದು, ಸಂಜೆ ನೈಟ್ ಸ್ಕೂಲು, ರಾತ್ರಿ ಅಲ್ಲೇ ಚಾಪೆ. ಹಾಗೆ ಓದಿ ಬ್ಯಾಂಕು, ಕೋರ್ಟು ಸೇರಿದವರು ಎಷ್ಟೋ ಜನ.

ಕಲ್ಯಾಣದ ಹತ್ತಿರ ಮೊಹೋನೆಯ ಎನ್‌ಆರ್‌ಸಿ 2009ರಲ್ಲಿ ನಿಂತುಹೋಯಿತು. ಕಾರ್ಖಾನೆ ನಿಂತರೆ ಎದುರಿನ ಗಲ್ಲಾನೂ ಖಾಲಿ. ಕೆಲವು ಹೋಟೆಲು ಪರ್ಮಿಟ್ ರೂಮ್ ಆದವು, ಕೆಲವು ಟವರ್ ಕೆಳಗೆ ಹೋದವು. ಆಮೇಲೆ ಬಂದ ನಾವಾದರೂ ಗಿರಾಕಿ ಆಗಬಹುದಿತ್ತು. ಆದರೆ ನಮ್ಮ ಫುಡ್ ಕೋರ್ಟ್ ಗೇಟಿನ ಒಳಗೇ ಇದೆ.

ಉಳಿದ ಹೋಟೆಲಿಗೆ ಈ ವಾರ ಒಮ್ಮೆ ಹೋಗಿ. ಗಲ್ಲಾದಲ್ಲಿ ಕೂತವರನ್ನ, "ಅಣ್ಣಾ, ನಿಮ್ಮದು ಯಾವ ಊರು? ಯಾವಾಗ ಬಂದ್ರಿ?" ಅಂತ ಕೇಳಿ. ಅವರು ಒಪ್ಪಿದರೆ ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೋರ್ಡು ಇಳಿದ ಮೇಲೆ ಕೇಳೋಣ ಅಂದರೆ ಹೇಳೋರು ಸಿಗಲ್ಲ.